ನಿಮ್ಮೂರ ಕಲ್ಲಿನ ಮೇಲಿರುವ ರಾಜಲಾಂಛನ: ಗುರುತಿಸುವ, ದಾಖಲಿಸುವ, ಉಳಿಸಿಕೊಳ್ಳುವ ಕ್ರಮ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಹಳೆಯ ಗುಡಿ, ಕೋಟೆ ಬಾಗಿಲು, ಕೆರೆ ತೂಬು ಇರುವ ಊರುಗಳಿಗೆ ಲೆಕ್ಕವಿಲ್ಲ. ಅವುಗಳ ಕಂಬದ ಚೌಕದಲ್ಲೋ ಬಾಗಿಲವಾಡದ ಮೇಲೋ ಶಾಸನದ ತಲೆಯ ಮೇಲೋ ಎರಡು ತಲೆಯ ಹಕ್ಕಿ, ಹಂದಿ, ಹುಲಿಯನ್ನು ಇರಿಯುತ್ತಿರುವ ವೀರ, ಗೂಳಿ, ಆನೆ ಕಾಣುತ್ತವೆ. ಕೆಲವು ಆಳಿದ ಮನೆತನದ ಗುರುತು, ಕೆಲವು ಬರೀ ಅಲಂಕಾರ. ಎರಡನ್ನೂ ಬೇರೆ ಮಾಡುವುದು ಹೇಗೆ, ಕಲ್ಲಿಗೆ ಪೆಟ್ಟು ಮಾಡದೆ ದಾಖಲಿಸುವುದು ಹೇಗೆ, ಜೀರ್ಣೋದ್ಧಾರ ಶುರುವಾದಾಗ ಯಾವುದನ್ನು ತಡೆಯಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇವೆ. ಊರಿನ ದೇವಸ್ಥಾನ ಸಮಿತಿಯವರು, ಶಾಲೆಯ ಮೇಷ್ಟ್ರು, ಇತಿಹಾಸದ ಆಸಕ್ತಿ ಇರುವ ಯುವಕ ಯುವತಿಯರು ತಾವೇ ಮಾಡಬಹುದಾದ ಕೆಲಸ ಇದು. ಎಲ್ಲಿ ಕೈ ನಿಲ್ಲಿಸಿ ತಜ್ಞರನ್ನು ಕರೆಯಬೇಕು ಎಂಬುದನ್ನೂ ಆಯಾ ಜಾಗದಲ್ಲೇ ಹೇಳಿದ್ದೇವೆ.

ಮೊದಲು: ಕಟ್ಟಡ ಯಾರ ಸುಪರ್ದಿಯಲ್ಲಿದೆ?

ಟೇಪು ಹಿಡಿಯುವ ಮೊದಲೇ ಇದು ಗೊತ್ತಾಗಬೇಕು. ಆವರಣದಲ್ಲಿ ಸಂರಕ್ಷಿತ ಸ್ಮಾರಕ ಎಂಬ ಫಲಕ ಇದೆಯೇ ನೋಡಿ. ನಂದಿ ಗ್ರಾಮದ ಭೋಗನಂದೀಶ್ವರ, ಕೋಲಾರದ ಸೋಮೇಶ್ವರ ಮತ್ತು ಕೋಲಾರಮ್ಮನ ಗುಡಿಗಳು ಕೇಂದ್ರದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಅಂಥ ಕಡೆ ನೋಡುವುದು, ಬರೆದುಕೊಳ್ಳುವುದು ಬಿಟ್ಟು ಕಲ್ಲಿಗೆ ಏನು ಮಾಡುವುದಿದ್ದರೂ ಇಲಾಖೆಯ ಅನುಮತಿ ಬೇಕು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ವಲಯ, ಅಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಇನ್ನು ಕೆಲವು ಕಟ್ಟಡಗಳು ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಸೇರಿವೆ, ಅದರ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ಮುಜರಾಯಿಗೆ ಸೇರಿದ್ದರೆ ತಾಲ್ಲೂಕು ಕಚೇರಿಯ ಮುಜರಾಯಿ ಶಾಖೆಯಲ್ಲಿ ದಾಖಲೆ ಸಿಗುತ್ತದೆ. ಇದ್ಯಾವುದೂ ಅಲ್ಲ, ಊರಿನವರದ್ದೇ ಅಂದರೆ ಎಲ್ಲ ಜವಾಬ್ದಾರಿಯೂ ಊರಿನ ಮೇಲೆ. ಹೆಚ್ಚಿನ ಹಾನಿ ಆಗುತ್ತಿರುವುದೂ ಅಂಥ ಕಟ್ಟಡಗಳಿಗೇ.

ಏನನ್ನು ನೋಡುತ್ತಿದ್ದೀರಿ?

ಈ ಸೀಮೆಯಲ್ಲಿ ಒಂದರ ಮೇಲೊಂದು ಮನೆತನ ಆಳಿದೆ. ಗಂಗರು ತಮ್ಮನ್ನು ಕುವಲಾಲಪುರವರೇಶ್ವರ, ನಂದಗಿರಿನಾಥ ಎಂದು ಕರೆದುಕೊಂಡರು. ಕುವಲಾಲ ಎಂದರೆ ಇವತ್ತಿನ ಕೋಲಾರ, ನಂದಗಿರಿ ಎಂದರೆ ನಂದಿಬೆಟ್ಟ. ಅವರ ತಾಮ್ರಪಟಗಳ ಮುದ್ರೆಯಲ್ಲಿ ಆನೆ ಇದೆ. ನೊಳಂಬರದು ಗೂಳಿ. ಅವರ ರಾಜಧಾನಿ ಹೆಂಜೇರು ಈಗ ಹೇಮಾವತಿ ಎಂಬ ಹೆಸರಲ್ಲಿ ತುಮಕೂರು ಜಿಲ್ಲೆಯ ಗಡಿಗೆ ತಾಗಿದಂತೆ ಆಂಧ್ರದಲ್ಲಿದೆ. ಚೋಳರದು ಹುಲಿ. ಹೊಯ್ಸಳರದು ಹುಲಿಯೋ ಸಿಂಹವೋ ಎನ್ನುವಂಥ ಮೃಗವನ್ನು ಇರಿಯುವ ಸಳ. ವಿಜಯನಗರದ್ದು ವರಾಹ, ಮುಂದೆ ನೆಟ್ಟಗೆ ನಿಲ್ಲಿಸಿದ ಖಡ್ಗ, ಮೇಲೆ ಸೂರ್ಯ ಚಂದ್ರ. ಗಂಡಭೇರುಂಡ ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಬಂತು, ಮೈಸೂರು ಒಡೆಯರ ಲಾಂಛನವಾಯಿತು, ಈಗ ಕರ್ನಾಟಕ ಸರ್ಕಾರದ ಮುದ್ರೆಯಲ್ಲಿದೆ.

ಪಟ್ಟಿ ಸುಲಭ, ಅನ್ವಯಿಸುವಾಗಲೇ ತಪ್ಪಾಗುವುದು. ಗೂಳಿ ಕಂಡ ಕೂಡಲೇ ನೊಳಂಬರು ಎನ್ನಬೇಡಿ. ಶಿವನ ಗುಡಿಯಲ್ಲಿ ನಂದಿ ಇರಲೇಬೇಕಲ್ಲ. ಮೆಟ್ಟಿಲ ಪಕ್ಕದ ಆನೆ ಗಂಗರ ಲಾಂಛನವಲ್ಲ. ಬಾಗಿಲವಾಡದ ನಡುವೆ, ಅಂದರೆ ಲಲಾಟಬಿಂಬದಲ್ಲಿ, ಎರಡು ಆನೆ ನೀರೆರೆಯುತ್ತಿದ್ದರೆ ಅದು ಗಜಲಕ್ಷ್ಮಿ. ವಿಜಯನಗರ ಕಾಲದ ಮಂಟಪದ ಕಂಬದಲ್ಲಿ ಹಿಂಗಾಲ ಮೇಲೆ ಎದ್ದು ನಿಂತ ಸಿಂಹಮುಖದ ಮೃಗ ಯಾಳಿ, ಹೊಯ್ಸಳ ಲಾಂಛನ ಅಲ್ಲ. ಹೊಯ್ಸಳ ಎನ್ನಲು ಮೃಗದ ಎದುರು ಆಯುಧ ಹಿಡಿದ ಮನುಷ್ಯ ಇರಲೇಬೇಕು, ಸಾಮಾನ್ಯವಾಗಿ ಅದು ಶಿಖರದ ಮುಂಭಾಗದ ಶುಕನಾಸಿಯ ಮೇಲೆ ಬಿಡಿಯಾಗಿ ಕೂತಿರುತ್ತದೆ. ಕೆರೆ, ಕಲ್ಯಾಣಿ ಪಕ್ಕದ ಮಂಟಪಗಳಲ್ಲಿ ಮೀನು ಹೇರಳ. ಜೋಡಿ ಮೀನು ಕಂಡು, ಮೀನು ಲಾಂಛನದ ಪಾಂಡ್ಯರನ್ನು ಕರೆತರುವುದು ಬೇಡ.

ಶಾಸನದ ತಲೆಯಲ್ಲಿರುವ ಸೂರ್ಯ ಚಂದ್ರ ಬೇರೆ ವಿಷಯ. ಅವು ಯಾವ ಮನೆತನಕ್ಕೂ ಸೇರಿದ್ದಲ್ಲ, ದಾನವು ಆಚಂದ್ರಾರ್ಕ, ಅಂದರೆ ಸೂರ್ಯ ಚಂದ್ರರಿರುವವರೆಗೆ, ನಡೆಯಲಿ ಎಂಬ ಮಾತಿನ ಚಿತ್ರರೂಪ. ಹೊಲದ ಬದುವಿನಲ್ಲಿ ನಿಂತ ಕಲ್ಲುಗಳೂ ಹಾಗೆಯೇ. ಲಿಂಗಮುದ್ರೆ ಕಲ್ಲು ಶಿವಾಲಯಕ್ಕೆ ಬಿಟ್ಟ ಭೂಮಿಯ ಗಡಿ, ವಾಮನಮುದ್ರೆ ಕಲ್ಲು ವಿಷ್ಣು ದೇವಾಲಯದ್ದು, ಮುಕ್ಕೊಡೆ ಕಲ್ಲು ಬಸದಿಯದ್ದು. ಇವು ರಾಜಲಾಂಛನ ಅಲ್ಲದಿದ್ದರೂ ಅದೇ ಕಾಳಜಿಯಿಂದ ದಾಖಲಿಸಿ. ಟ್ರ್ಯಾಕ್ಟರ್ ಉಳುಮೆಗೆ ಮೊದಲು ಬಲಿಯಾಗುವುದು ಬದುವಿನ ಕಲ್ಲುಗಳೇ.

ಲಾಂಛನ ಒಂದನ್ನೇ ನಂಬಿ ಕಟ್ಟಡಕ್ಕೆ ಕಾಲ ಕಟ್ಟಬೇಡಿ. ಇದನ್ನು ಕಲಿಯಲು ಭೋಗನಂದೀಶ್ವರಕ್ಕಿಂತ ಒಳ್ಳೆಯ ಪಾಠಶಾಲೆ ಹತ್ತಿರದಲ್ಲಿಲ್ಲ. ಮೂಲ 9ನೇ ಶತಮಾನದ್ದು. ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ಸೇರಿಸುತ್ತಲೇ ಹೋದರು. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಗುಡಿಗಳ ನಡುವಿನ ಜಾಗ ನೋಡಿ, ಅಲ್ಲಿನ ಕಲ್ಯಾಣ ಮಂಟಪದ ಕಂಬಗಳ ಸಣ್ಣ ಕುಸುರಿಯನ್ನು ಪಕ್ಕದ ಗೋಡೆಯ ಜಾಲಂದರದ ಜೊತೆ ಹೋಲಿಸಿ. ಒಂದೇ ಆವರಣದಲ್ಲಿ ಶತಮಾನಗಳ ಅಂತರ ಕಣ್ಣಿಗೆ ಕಾಣುತ್ತದೆ. ಆವರಣ ಗೋಡೆಯ ಲಾಂಛನ ಆವರಣ ಗೋಡೆಗೆ ಮಾತ್ರ ಸಾಕ್ಷಿ, ಗರ್ಭಗುಡಿಗೆ ಅಲ್ಲ. ಜೊತೆಗೆ ಬೇರೆ ಗುಡಿಯಿಂದ ತಂದು ಕೂರಿಸಿದ ಕಲ್ಲುಗಳೂ ಇರುತ್ತವೆ. ಶಿಲ್ಪದ ಚೌಕಟ್ಟು ಪಕ್ಕದ ಕಲ್ಲಿನ ಪಟ್ಟಿಗೆ ಕೂಡುತ್ತಿಲ್ಲ, ಕಲ್ಲಿನ ಬಣ್ಣವೇ ಬೇರೆ, ಚಿತ್ರ ಅಡ್ಡವೋ ತಲೆಕೆಳಗೋ ಇದೆ ಎಂದರೆ ಅದು ಬೇರೆಡೆಯಿಂದ ಬಂದ ಕಲ್ಲು.

ಮೈಸೂರು ಅರಸರ ಕಾಲದ ಹಳೆಯ ಸರ್ಕಾರಿ ಕಟ್ಟಡಗಳ ನೆತ್ತಿಯ ಮೇಲಿನ ಗಂಡಭೇರುಂಡ ಎಷ್ಟೋ ಸಲ ಕಲ್ಲೇ ಅಲ್ಲ, ಗಾರೆ. ಎರಡು ಬದಿಯಲ್ಲಿ ಸೊಂಡಿಲು ಇರುವ ಸಿಂಹದೇಹದ ಮೃಗಗಳು, ಕೆಳಗೆ ‘ನ ಬಿಭೇತಿ ಕದಾಚನ’ ಎಂಬ ಸಾಲು ಇದ್ದರೆ ಒಡೆಯರ ಪೂರ್ಣ ಲಾಂಛನ. ಗಾರೆಯಾದರೆ ಬಿರುಕಿನಲ್ಲಿ ಬಿಳಿ ಪುಡಿ, ಒಳಗೆ ಇಟ್ಟಿಗೆ ಕಾಣುತ್ತದೆ. ಅದನ್ನು ನೀರು ಹಾಕಿ ಉಜ್ಜಬೇಡಿ. ಕೆಳಗೆ ಕಲ್ಲಿಗೆ ಹೇಳಿರುವ ಯಾವ ತೊಳೆಯುವ ಕ್ರಮವೂ ಅದಕ್ಕೆ ಹೊಂದುವುದಿಲ್ಲ.

ಶಿರಾ ಮೊಘಲರ ಸುಬಾ, ಅಂದರೆ ಪ್ರಾಂತ್ಯದ, ಕೇಂದ್ರವಾಗಿತ್ತು, 1687ರಿಂದ 1757ರವರೆಗೆ. ಅಲ್ಲಿನ ಮಲಿಕ್ ರಿಹಾನ್ ಗೋರಿ, ಜುಮ್ಮಾ ಮಸೀದಿಗಳಂಥ ಕಟ್ಟಡಗಳಲ್ಲಿ ಪ್ರಾಣಿ ಲಾಂಛನ ಹುಡುಕಬೇಡಿ. ಹೂವಿನ ಬಿಲ್ಲೆಗಳನ್ನು, ಬರಹವನ್ನು ದಾಖಲಿಸಿ.

ಬೆಳಕು ಸರಿಯಾದರೆ ಅರ್ಧ ಕೆಲಸ ಮುಗಿದಂತೆ

ಬೇಕಾದ ಸಾಮಾನು ಕಡಿಮೆ: 5 ಮೀಟರ್ ಟೇಪು, 30 ಸೆಂ.ಮೀ. ಉಕ್ಕಿನ ಸ್ಕೇಲು ಎರಡು, ಕಪ್ಪು ಬಿಳುಪು ಪಟ್ಟಿಯ 10 ಸೆಂ.ಮೀ. ಅಳತೆಪಟ್ಟಿ (ರಟ್ಟಿನ ಮೇಲೆ ಬರೆದುಕೊಂಡರೂ ಆದೀತು), ಒಳ್ಳೆಯ ಎಲ್‌ಇಡಿ ಟಾರ್ಚು, ಬಳಸದ ಮೆದು ಪೇಂಟ್ ಬ್ರಷ್, ಮುಖ ನೋಡುವ ಕನ್ನಡಿ ಒಂದು, ಮೊಬೈಲು, ನೋಟ್‌ಬುಕ್ಕು.

ಸವೆದ ಶಿಲ್ಪ ನೇರ ಬೆಳಕಿನಲ್ಲಿ ಚಪ್ಪಟೆಯಾಗಿ ಕಾಣುತ್ತದೆ, ಓರೆ ಬೆಳಕಿನಲ್ಲಿ ಎದ್ದು ಬರುತ್ತದೆ. ಪೂರ್ವದ ಗೋಡೆಗೆ ಬೆಳಗಿನ ಬಿಸಿಲು ನೇರವಾಗಿ ಬೀಳುತ್ತದೆ, ಆದ್ದರಿಂದ ಹತ್ತೂವರೆ ಹನ್ನೊಂದು ದಾಟಿದ ಮೇಲೆ, ಬಿಸಿಲು ಗೋಡೆಯನ್ನು ಸವರಿಕೊಂಡು ಇಳಿಯುವಾಗ ಫೋಟೋ ತೆಗೆಯಿರಿ. ಪಶ್ಚಿಮದ ಗೋಡೆಗೆ ಮಧ್ಯಾಹ್ನ ಒಂದರ ಸುತ್ತಮುತ್ತ. ಉತ್ತರದ ಗೋಡೆಗೆ ಬಿಸಿಲೇ ಬೀಳುವುದಿಲ್ಲ ಎಂದು ಹಲವರು ಕೈಬಿಡುತ್ತಾರೆ. ಈ ಜಿಲ್ಲೆಗಳು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕಿರುತ್ತಾನೆ. ಜೂನ್ ತಿಂಗಳಲ್ಲಿ ಮೋಡ ಸರಿದ ಒಂದು ಮಧ್ಯಾಹ್ನ ಸಿಕ್ಕರೆ ಬಿಸಿಲು ಉತ್ತರದ ಗೋಡೆಗೆ ಸುಮಾರು 10 ಡಿಗ್ರಿ ಓರೆಯಲ್ಲಿ ಮೇಲಿನಿಂದ ಇಳಿಯುತ್ತದೆ. ಸೂರಿನ ನೆರಳು ಬೀಳದ ಭಾಗದಲ್ಲಿ ಅದಕ್ಕಿಂತ ಒಳ್ಳೆಯ ಬೆಳಕು ಇಲ್ಲ. ದಕ್ಷಿಣದ ಗೋಡೆಗೆ ಅಂಥ ಬೆಳಕು ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಯ ಮಧ್ಯಾಹ್ನಗಳಲ್ಲಿ.

ಒಳಮಂಟಪದಲ್ಲಿ ಇಬ್ಬರು ಬೇಕು. ಒಬ್ಬರು ಮೊಬೈಲನ್ನು ಶಿಲ್ಪಕ್ಕೆ ನೇರ ಎದುರು, ಓರೆಯಾಗದಂತೆ ಹಿಡಿಯಲಿ. ಇನ್ನೊಬ್ಬರು ಟಾರ್ಚನ್ನು ಗೋಡೆಗೆ ಬಹುತೇಕ ಒರಗಿಸಿದಂತೆ, ಒಂದು ಮಾರು ದೂರದಿಂದ ಬಿಡಲಿ. ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ನಾಲ್ಕು ಫೋಟೋ. ಕೆಳಗಿನಿಂದ ಬೆಳಕು ಬಿದ್ದಾಗ ಉಬ್ಬು ತಗ್ಗಾಗಿ ಕಾಣುತ್ತದೆ, ಅದೊಂದನ್ನೇ ನೋಡಿ ತೀರ್ಮಾನಿಸಬೇಡಿ. ಬಾಗಿಲ ಹೊರಗೆ ಬಿಸಿಲಿದ್ದರೆ ಕನ್ನಡಿಯಿಂದ ಒಳಕ್ಕೆ ಹಾಯಿಸಬಹುದು. ಅಳತೆಪಟ್ಟಿ ಶಿಲ್ಪದ ಕೆಳಗೆ, ಅದೇ ಮಟ್ಟದಲ್ಲಿ ಇರಲಿ. ಅಂಟಿಸಬೇಡಿ.

ಅಕ್ಷರ ಕಾಣಲಿ ಎಂದು ರಂಗೋಲಿ ಪುಡಿ, ಸೀಮೆಸುಣ್ಣ, ಅಕ್ಕಿ ಹಿಟ್ಟು, ಎಣ್ಣೆ ಸವರುವ ಅಭ್ಯಾಸ ಎಲ್ಲೆಡೆ ಇದೆ. ದಯವಿಟ್ಟು ಬಿಡಿಸಿ. ಪುಡಿ ಕಲ್ಲಿನ ಸಣ್ಣ ರಂಧ್ರಗಳಲ್ಲಿ ಕೂತು ಮಳೆಗೂ ಹೋಗುವುದಿಲ್ಲ. ಹಿಟ್ಟಿಗೆ ಇರುವೆ, ಬೂಷ್ಟು ಬರುತ್ತದೆ. ಎಣ್ಣೆಗೆ ಧೂಳು ಹಿಡಿದು ಒಂದೆರಡು ವರ್ಷದಲ್ಲಿ ಕಪ್ಪು ಪದರವಾಗುತ್ತದೆ. ಇವೆಲ್ಲ ಮಾಡುವ ಕೆಲಸವನ್ನು ಓರೆ ಟಾರ್ಚು ಇನ್ನೂ ಚೆನ್ನಾಗಿ ಮಾಡುತ್ತದೆ.

ಅಳೆಯುವುದು: ಒಂದು ಗಂಡಭೇರುಂಡವನ್ನೇ ತೆಗೆದುಕೊಳ್ಳಿ

ಕೋಟೆ ಬಾಗಿಲ ಪಕ್ಕದ ಚಪ್ಪಡಿಯಲ್ಲಿ ಉಬ್ಬುಶಿಲ್ಪವಾಗಿದೆ ಎಂದಿಟ್ಟುಕೊಳ್ಳಿ. ಮೊದಲು ನೆಲದಿಂದ ಶಿಲ್ಪದ ಕೆಳಅಂಚಿನವರೆಗಿನ ಎತ್ತರ. ನಂತರ ಒಂದು ಕೊಕ್ಕಿನ ತುದಿಯಿಂದ ಇನ್ನೊಂದರ ತುದಿಗೆ, ನೆತ್ತಿಯಿಂದ ಬಾಲದ ತುದಿಗೆ, ರೆಕ್ಕೆಯಿಂದ ರೆಕ್ಕೆಗೆ. ಉಬ್ಬಿನ ಆಳಕ್ಕೆ ಒಂದು ಸ್ಕೇಲನ್ನು ಎದೆಯ ಮೇಲೆ ಅಡ್ಡ ಹಿಡಿದು, ಇನ್ನೊಂದನ್ನು ಅದರಿಂದ ಹಿನ್ನೆಲೆಯ ಕಲ್ಲಿಗೆ ಇಳಿಸಿ. ಈಗ ವಿವರ ನೋಡಿ. ಎರಡು ತಲೆಗಳು ಹೊರಕ್ಕೆ ತಿರುಗಿವೆಯೋ, ಒಂದನ್ನೊಂದು ನೋಡುತ್ತಿವೆಯೋ? ಕುತ್ತಿಗೆಗಳು ಎಲ್ಲಿ ಕೂಡುತ್ತವೆ? ಕೊಕ್ಕಿನಲ್ಲಿ ಏನಿದೆ, ಕಾಲುಗುರಿನಲ್ಲಿ ಏನಿದೆ? ಆನೆಗಳು ಸಿಕ್ಕಿಬಿದ್ದಿದ್ದರೆ ಎಷ್ಟು, ಸೊಂಡಿಲು ಯಾವ ಕಡೆ? ಕೊರಳಲ್ಲಿ ಹಾರ ಇದೆಯೇ? ದೇಹ ಹಕ್ಕಿಯದೋ ಮನುಷ್ಯನದೋ? ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ 1047ರ ಕಂಬದ ಭೇರುಂಡನಿಗೆ ಮನುಷ್ಯದೇಹವಿದೆ, ಆದ್ದರಿಂದ ಈ ಪ್ರಶ್ನೆ ಬಿಡಬೇಡಿ. ಮೊದಲು ಸವೆಯುವುದು ಕೊಕ್ಕಿನ ತುದಿ. ಮುರಿದಿದ್ದರೆ ಮುರಿದ ಜಾಗದ ಬಣ್ಣ ಬರೆದುಕೊಳ್ಳಿ. ಸುತ್ತಲಿನ ಕಲ್ಲಿನಷ್ಟೇ ಮಾಸಿದ್ದರೆ ಹಳೆಯ ಪೆಟ್ಟು, ಬೆಳ್ಳಗೆ ಹೊಳೆಯುತ್ತಿದ್ದರೆ ಇತ್ತೀಚಿನದು.

ಜೊತೆಗೆ ಊರು, ಕಟ್ಟಡ, ಯಾವ ದಿಕ್ಕಿನ ಯಾವ ಭಾಗ, ಕಲ್ಲಿನ ಜಾತಿ, ಹಾನಿ, ದಿನಾಂಕ, ಊರ ಹಿರಿಯರು ಅದನ್ನು ಕರೆಯುವ ಹೆಸರು ಬರೆಯಿರಿ. ಹಿರಿಯರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ, ತಿದ್ದಬೇಡಿ. ಬಿಡಿಯಾಗಿ ಬಿದ್ದಿರುವ ಶಿಲ್ಪದ ಜಾಗವನ್ನು ಮಾತ್ರ ಸಾಮಾಜಿಕ ಜಾಲತಾಣದಲ್ಲಿ ನಕ್ಷೆ ಸಮೇತ ಹಾಕಬೇಡಿ. ಕಳ್ಳರಿಗೆ ಅದೇ ದಾರಿ ತೋರಿಸುತ್ತದೆ.

ಪಕ್ಕದಲ್ಲಿ ಶಾಸನ ಇದ್ದರೆ ಅದು ಆಗಲೇ ಓದಲ್ಪಟ್ಟಿರುವ ಸಾಧ್ಯತೆ ಹೆಚ್ಚು. ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟ ಕೋಲಾರ ಜಿಲ್ಲೆಯದು, 12ನೆಯದು ತುಮಕೂರಿನದು. ಚಿಕ್ಕಬಳ್ಳಾಪುರ 2007ರಲ್ಲಷ್ಟೇ ಬೇರೆ ಜಿಲ್ಲೆಯಾದ್ದರಿಂದ ಅದರ ಶಾಸನಗಳನ್ನೂ ಕೋಲಾರದ ಸಂಪುಟದಲ್ಲೇ ಹುಡುಕಬೇಕು. ತಾಲ್ಲೂಕಿನ ಹಳೆಯ ಹೆಸರು ನೆನಪಿರಲಿ: ಬಂಗಾರಪೇಟೆ ಅಲ್ಲಿ ಬೌರಿಂಗ್‌ಪೇಟೆ. ಕೋಲಾರ ಸೀಮೆಯ ಅನೇಕ ಶಾಸನಗಳು ತಮಿಳಿನಲ್ಲಿವೆ, ಕೋಲಾರಮ್ಮನ ಗುಡಿಯ ಚೋಳ ಶಾಸನಗಳೂ ಹಾಗೆಯೇ. ಕನ್ನಡ ಅಕ್ಷರ ಅಲ್ಲ ಎಂದು ಬಿಟ್ಟುಬಿಡಬೇಡಿ. ಕಾಗದ ಒತ್ತಿ ಮಸಿ ಹಾಕಿ ಪಡಿಯಚ್ಚು ತೆಗೆಯುವುದನ್ನು ಕಲಿತವರಿಗೇ ಬಿಡಿ. ಕಲ್ಲಿನ ಮುಖ ಪದರ ಬಿಟ್ಟಿದ್ದರೆ ಬ್ರಷ್ಷಿನ ಪೆಟ್ಟಿಗೆ ಅಕ್ಷರವೇ ಉದುರುತ್ತದೆ.

ಕಲ್ಲಿಗೆ ಬಂದ ರೋಗ ಯಾವುದು?

ಈ ಸೀಮೆಯ ಬಹುಪಾಲು ಗುಡಿಗಳು ಗಟ್ಟಿಯಾದ ಕಣಶಿಲೆಯವು (ಗ್ರಾನೈಟ್). ತುಮಕೂರು ಜಿಲ್ಲೆಯ ಅರಳಗುಪ್ಪೆಯ ಚೆನ್ನಕೇಶವ, ನಾಗಲಾಪುರದಂಥ ಹೊಯ್ಸಳ ಗುಡಿಗಳು ಬಳಪದ ಕಲ್ಲಿನವು. ಅದು ಉಗುರಿಗೂ ಗೀರು ಬೀಳುವಷ್ಟು ಮೆದು. ಒಂದಕ್ಕೆ ಹೊಂದುವ ಬ್ರಷ್ ಇನ್ನೊಂದನ್ನು ಹಾಳುಮಾಡುತ್ತದೆ.

ಬಿಳಿ ಪದರ ಕಂಡರೆ ಎರಡು ಸಾಧ್ಯತೆ. ಎಲ್ಲ ಕಡೆ ಸಮನಾಗಿದ್ದು ಚಕ್ಕೆಯಾಗಿ ಏಳುತ್ತಿದ್ದರೆ ಹಳೆಯ ಸುಣ್ಣ. ನೆಲದಿಂದ ಒಂದೂವರೆ ಮೀಟರ್ ಒಳಗೆ ಮಾತ್ರ ಇದ್ದು, ಬೆರಳಿಗೆ ಪುಡಿಯಾಗಿ ಹತ್ತಿ, ಒರೆಸಿದ ಮೇಲೆ ಮುಂದಿನ ಮಳೆಗಾಲ ಕಳೆದು ಮತ್ತೆ ಬಂದರೆ ಅದು ಉಪ್ಪು. ಉಪ್ಪಿನ ಮೂಲ ಗೋಡೆಯಲ್ಲಿಲ್ಲ, ನೆಲದಲ್ಲಿದೆ. ಆವರಣಕ್ಕೆ ಕಾಂಕ್ರೀಟು ಹಾಕಿ ಟೈಲ್ಸ್ ಹೊದಿಸಿದ ಮೇಲೆಯೇ ಇದು ಜೋರಾಗುತ್ತದೆ. ಮೊದಲು ಮಣ್ಣಿನಿಂದ ಆವಿಯಾಗಿ ಹೋಗುತ್ತಿದ್ದ ತೇವ ಈಗ ದಾರಿ ಇಲ್ಲದೆ ಗೋಡೆ ಹತ್ತುತ್ತದೆ, ಒಣಗುವಾಗ ಉಪ್ಪು ಹರಳುಗಟ್ಟಿ ಶಿಲ್ಪದ ಮುಖವನ್ನು ಒಳಗಿನಿಂದ ತಳ್ಳುತ್ತದೆ. ಗೋಡೆಯ ಸುತ್ತ ಎರಡು ಮೂರು ಅಡಿ ಅಗಲ ಟೈಲ್ಸ್ ಕಿತ್ತು ಜಲ್ಲಿ ತುಂಬಿ, ನೀರು ಹೊರಗೆ ಹರಿಯುವಂತೆ ಇಳಿಜಾರು ಮಾಡುವುದೇ ಮದ್ದು.

ಬೂದು ಹಸಿರಿನ ದುಂಡು ಮಚ್ಚೆಗಳು ಕಲ್ಲುಹೂವು. ಒಣಗಿದ್ದಾಗ ಕೆರೆದರೆ ಕಲ್ಲಿನ ಕಣವನ್ನೂ ಕಿತ್ತುಕೊಂಡು ಬರುತ್ತದೆ. ಪದರ ಬಿಟ್ಟ ಜಾಗವನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅಲ್ಲಿ ಬ್ರಷ್ ಕೂಡ ಮುಟ್ಟಿಸಬೇಡಿ, ತಜ್ಞರಿಗಾಗಿ ಗುರುತು ಮಾಡಿಡಿ. ಸಂದಿಯಲ್ಲಿ ಅರಳಿ ಸಸಿ ಇದ್ದರೆ ಎಳೆಯಬೇಡಿ. ಬೇರಿನ ಜೊತೆ ಕಲ್ಲೂ ಜರುಗುತ್ತದೆ. ಬುಡಕ್ಕೆ ಕತ್ತರಿಸಿ, ಚಿಗುರಿದಾಗಲೆಲ್ಲ ಮತ್ತೆ ಕತ್ತರಿಸಿ. ಬೇರು ದಪ್ಪವಾಗಿದ್ದರೆ ಕಲ್ಲು ಬಿಚ್ಚಿ ತೆಗೆಯುವುದು ಇಲಾಖೆಯ ಎಂಜಿನಿಯರ್ ಕೆಲಸ.

ತೊಳೆಯುವುದಾದರೆ

ಸಂರಕ್ಷಿತವಲ್ಲದ ಕಟ್ಟಡದಲ್ಲಿ ಊರಿನವರು ಮಾಡಬಹುದಾದ್ದು ಇಷ್ಟು. ಮೊದಲು ಒಣ ಬ್ರಷ್, ಮೇಲಿನಿಂದ ಕೆಳಕ್ಕೆ. ಅದರಲ್ಲೇ ಬಹಳಷ್ಟು ಧೂಳು, ಜೇಡರ ಬಲೆ ಹೋಗುತ್ತದೆ. ಆಮೇಲೆ ಕಣ್ಣಿಗೆ ಬೀಳದ ಮೂಲೆಯಲ್ಲಿ 10 ಸೆಂ.ಮೀ. ಚೌಕವನ್ನು ಬರೀ ನೀರು ಮತ್ತು ಮೆದು ನೈಲಾನ್ ಬ್ರಷ್ಷಿನಿಂದ ತೊಳೆದು ಒಂದು ವಾರ ಬಿಡಿ. ಬ್ರಷ್ಷಿಗೆ ಕಲ್ಲಿನ ಕಣ ಹತ್ತಲಿಲ್ಲ, ಒಣಗಿದ ಮೇಲೆ ಬಿಳಿ ಪುಡಿ ಬರಲಿಲ್ಲ ಎಂದರೆ ಮಾತ್ರ ಮುಂದುವರಿಯಿರಿ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಬೇಡ, ಮಳೆನೀರು ಹಿಡಿದಿಟ್ಟು ಬಳಸಿ. ಸೋಪಿನ ಪುಡಿಯ ಸೋಡಾ ಕಲ್ಲಿನೊಳಗೆ ಇಳಿದು ಉಪ್ಪಾಗಿ ಹೊರಬರುತ್ತದೆ, ತಂತಿ ಬ್ರಷ್ಷಿನ ಚೂರು ತುಕ್ಕು ಹಿಡಿದು ಕಲೆಯಾಗುತ್ತದೆ. ಎರಡನ್ನೂ ಹತ್ತಿರ ತರಬೇಡಿ.

ಸುಣ್ಣದ ಪದರವನ್ನು ತೇವ ಮಾಡಿ, ಬಿದಿರಿನ ಚೂಪು ಕಡ್ಡಿಯಿಂದ ಒಂದೊಂದೇ ಪದರ ಎಬ್ಬಿಸಬೇಕು. ಅಂಗೈಯಗಲಕ್ಕೆ ಒಂದು ದಿನ ಹಿಡಿದರೂ ಆಶ್ಚರ್ಯವಿಲ್ಲ. ಕೆಳಗೆ ಕೆಂಪೋ ಹಳದಿಯೋ ಬಣ್ಣ ಇಣುಕಿದರೆ ಅಲ್ಲಿಗೆ ನಿಲ್ಲಿಸಿ. ಅದು ಹಳೆಯ ಚಿತ್ರದ ಉಳಿಕೆ ಇರಬಹುದು. ಸಮಯ, ತಾಳ್ಮೆ ಇಲ್ಲದಿದ್ದರೆ ಸುಣ್ಣವನ್ನು ಹಾಗೇ ಬಿಡುವುದೇ ಒಳ್ಳೆಯದು. ಸುಣ್ಣ ಕಲ್ಲನ್ನು ಕೊಲ್ಲುವುದಿಲ್ಲ, ಅವಸರ ಕೊಲ್ಲುತ್ತದೆ. ಎಣ್ಣೆ, ದೀಪದ ಮಸಿಗೆ ಕಾಗದದ ತಿರುಳಿನ ಲೇಪ ಹಾಕಿ ಎಳೆಯುವ ವಿಧಾನ ಇದೆ, ಅದನ್ನು ರಸಾಯನ ಬಲ್ಲ ಸಂರಕ್ಷಕರೇ ಮಾಡಬೇಕು.

ಮೂರನ್ನು ಯಾವ ಕಾರಣಕ್ಕೂ ಒಪ್ಪಬೇಡಿ. ಮರಳು ಸಿಡಿಸುವುದು: ಒಂದೇ ದಿನದಲ್ಲಿ ಗುಡಿ ಹೊಸದಾಗಿ ಕಾಣುತ್ತದೆ, ಆದರೆ ಉಳಿಯ ಗುರುತು, ಕಣ್ಣಿನ ರೆಪ್ಪೆಯ ಗೆರೆ, ಅಕ್ಷರದ ಅಂಚು ಎಲ್ಲ ಹೋಗಿರುತ್ತದೆ. ಮುಖ ಒರಟಾಗುವುದರಿಂದ ಪಾಚಿ ಮೊದಲಿಗಿಂತ ಬೇಗ ಹಿಡಿಯುತ್ತದೆ. ಆಸಿಡ್: ಸಂದಿಯ ಗಾರೆಯನ್ನು ಕರಗಿಸುತ್ತದೆ, ಕಲ್ಲಿನ ಕಬ್ಬಿಣದ ಅಂಶವನ್ನು ಹೊರಗೆಳೆದು ಹಳದಿ ಕಲೆ ಮಾಡುತ್ತದೆ. ಎನಾಮೆಲ್ ಅಥವಾ ಚಿನ್ನದ ಬಣ್ಣದ ಪೇಂಟ್: ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಗುತ್ತಿಗೆದಾರರ ಜೊತೆ ಮಾಡಿಕೊಳ್ಳುವ ಕರಾರಿನಲ್ಲಿ ಈ ಮೂರೂ ಇಲ್ಲ ಎಂದು ಬರೆಸಿ ಸಹಿ ಹಾಕಿಸಿ.

ಸಂದಿ ತುಂಬಲು ಸಿಮೆಂಟು ಬೇಡ. ಅದು ಕಲ್ಲಿನ ಮುಖದಿಂದಲೇ ತೇವ ಹೊರಬರುವಂತೆ ಮಾಡುತ್ತದೆ. ಚೆನ್ನಾಗಿ ಅರಳಿಸಿ ಕೆಲವು ವಾರ ನೀರಿನಲ್ಲಿಟ್ಟ ಸುಣ್ಣ 1 ಪಾಲು, ಜರಡಿ ಹಿಡಿದು ತೊಳೆದ ಮರಳು 3 ಪಾಲು. ಸಂದಿಯನ್ನು ಮೊದಲು ನೆನೆಸಿ, ಗಾರೆಯನ್ನು ಕಲ್ಲಿನ ಮುಖಕ್ಕಿಂತ 5 ಮಿ.ಮೀ. ಒಳಗೆ ನಿಲ್ಲಿಸಿ, ಕನಿಷ್ಠ 7 ದಿನ ಒದ್ದೆ ಗೋಣಿ ಹೊದಿಸಿ. ಬಿರುಕು ಬಂದರೆ ಬೇಗ ಒಣಗಿತು ಎಂದರ್ಥ. ಏಪ್ರಿಲ್ ಮೇ ಬಿಸಿಲಿನಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ.

ನಿಧಿಗಳ್ಳರು

ಗಂಡಭೇರುಂಡ, ಗೂಳಿ, ಹಾವಿನ ಶಿಲ್ಪದ ಕೆಳಗೆ ನಿಧಿ ಇದೆ ಎಂಬ ನಂಬಿಕೆ ಈ ಸೀಮೆಯಲ್ಲಿ ಎಷ್ಟೋ ಕಲ್ಲುಗಳನ್ನು ಒಡೆಸಿದೆ. ಲಾಂಛನ ಎಂದರೆ ಆಳಿದವರ ಗುರುತು, ನಿಧಿಯ ನಕ್ಷೆ ಅಲ್ಲ ಎಂದು ಊರಿನಲ್ಲಿ ಬಾಯಿಬಿಟ್ಟು ಹೇಳಬೇಕು, ಶಾಲೆಯಲ್ಲಿ ಮಕ್ಕಳಿಗೆ ಹೇಳಬೇಕು. ಹೊಸದಾಗಿ ಅಗೆದ ಗುಂಡಿ, ನಿಂಬೆಹಣ್ಣು ಕುಂಕುಮ ಕಂಡರೆ ಆ ದಿನವೇ ಫೋಟೋ ತೆಗೆದು ಪೊಲೀಸ್ ಠಾಣೆಗೆ, ತಹಶೀಲ್ದಾರರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 1972ರ ಪುರಾವಸ್ತು ಕಾಯ್ದೆಯಂತೆ 100 ವರ್ಷ ದಾಟಿದ ಶಿಲ್ಪ ಪುರಾವಸ್ತು, ಅದನ್ನು ದೇಶದಿಂದ ಹೊರಗೆ ಸಾಗಿಸುವುದು ಅಪರಾಧ. ಕಳವಾದ ಶಿಲ್ಪ ಮುಂದೊಂದು ದಿನ ಎಲ್ಲಾದರೂ ಸಿಕ್ಕಾಗ ನಮ್ಮೂರದ್ದೇ ಎಂದು ತೋರಿಸಲು ನಿಮ್ಮ ಬಳಿ ಇರುವ ಪುರಾವೆ ಅಳತೆಪಟ್ಟಿ ಇಟ್ಟು ತೆಗೆದ ಫೋಟೋ, ಮುರಿದ ಕೊಕ್ಕಿನ ವಿವರ. ಆದ್ದರಿಂದ ದಾಖಲೆಯ ಒಂದು ಪ್ರತಿ ಗ್ರಾಮ ಪಂಚಾಯಿತಿಗೆ, ಒಂದು ಹತ್ತಿರದ ಗ್ರಂಥಾಲಯಕ್ಕೆ, ಒಂದು ಪುರಾತತ್ವ ಇಲಾಖೆಗೆ ಕೊಡಿ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಅದೇ ಜಾಗದಲ್ಲಿ ನಿಂತು ಅದೇ ಬೆಳಕಿನಲ್ಲಿ ಮತ್ತೆ ಫೋಟೋ ತೆಗೆದು ಹಳೆಯದರ ಪಕ್ಕ ಇಟ್ಟು ನೋಡಿ.